ಬಿಸಿಲಿಗಿಟ್ಟ ಸೆಲ್ಲುಗಳು

ನಾನು ಒಂದು ಬೇಸ್ ಯಂತ್ರ. ಇಷ್ಟು ಹೇಳಿದರೆ ಹೆಚ್ಚಿನವರಿಗೆ ಏನೂ ತಿಳಿಯದು. ಆದ್ದರಿಂದ ಮೊದಲು ನನ್ನ ಸ್ವರೂಪವನ್ನು ವಿವರಿಸುವುದು ಕ್ರಮ.

ನಾನು ಬೆಳ್ಳಿ ಬಣ್ಣದ ಒಂದು ಚಪ್ಪಟೆ ಪ್ಲಾಸ್ಟಿಕ್ ಪೆಟ್ಟಿಗೆ. ಮೊಣಕೈಯಿಂದ ಅಂಗೈವರೆಗಿನ ಉದ್ದಕ್ಕೆ ಸರಿಯಾಗುತ್ತೇನೆ. ಕೆಳಗಡೆ ಹಾರ್ಮೋನಿಯಮ್ಮಿನ ಒಂದು ಸಪ್ತಕದ ಮನೆಗಳಂತೆ ಗುಂಡಿಗಳ ಸಾಲಿದೆ. ಮೇಲುಗಡೆ ಪುಟ್ಟ ತಿರುಗಣೆಗಳ ಸಾಲಿದೆ. ಗುಂಡಿಗಳನ್ನು ಒತ್ತಿ ಸ್ವರಗಳ ಒಂದು ಸರಣಿಯನ್ನು ಕಲಿಸಿದರೆ, ನಾನು ಅದನ್ನು ನೆನಪಿಟ್ಟುಕೊಂಡು, ನಿಲ್ಲಿಸುವವರೆಗೂ ಮತ್ತೆ ಮತ್ತೆ ನುಡಿಸುತ್ತೇನೆ. ತಿರುಗಣೆಗಳ ಕೆಲಸ ಬೇರೆ. ಅವು ಸ್ವರದ ಮೈಯನ್ನು ಬದಲಿಸುತ್ತವೆ. ಒಂದೇ ಸ್ವರ ಒಮ್ಮೆ ಮಂಕಾಗಿ ಗೊಣಗುತ್ತದೆ, ಒಮ್ಮೆ ಹರಿತವಾಗಿ ಚೀರುತ್ತದೆ.

ನನ್ನ ಬೆನ್ನಿನಲ್ಲಿ ಒಂದು ಮುಚ್ಚಳವಿದೆ. ಅದರೊಳಗೆ ನಾಲ್ಕು ಸೆಲ್ಲುಗಳು ಕೂರುತ್ತವೆ. ಕಲಿತ ಸ್ವರಗಳ ನೆನಪು ಈ ಸೆಲ್ಲುಗಳ ಆಸರೆಯಲ್ಲಿ ಮಾತ್ರ ಉಳಿಯುತ್ತದೆ. ಅವನ್ನು ತೆಗೆದಿಟ್ಟರೆ ಕಲಿತದ್ದೆಲ್ಲ ಅಳಿಯುತ್ತದೆ. ಅಳಿದ ಜಾಗ ಬರಿದಾಗಿಯೂ ಇರುವುದಿಲ್ಲ. ಮತ್ತೆ ಸೆಲ್ ಹಾಕುವ ಹೊತ್ತಿಗೆ, ಯಾರೂ ಕಲಿಸದ ಸ್ವರಗಳು ಅಡ್ಡಾದಿಡ್ಡಿಯಾಗಿ ಅಲ್ಲಿ ಬಂದು ತುಂಬಿಕೊಂಡಿರುತ್ತವೆ. ಓದುಗರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ನನ್ನ ಬದುಕಿನ ಸುಖದುಃಖಗಳೆರಡೂ ಇಲ್ಲಿಂದಲೇ ಹುಟ್ಟಿದವು.

ಹಾಗಾದರೆ ಈ ಕಥೆ ನನಗೆ ಹೇಗೆ ನೆನಪಿದೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನಲ್ಲಿ ಇನ್ನೊಂದು ನೆನಪಿದೆ. ಅದಕ್ಕೆ ಸೆಲ್ ಬೇಡ. ಅದು ಮುಖಗಳನ್ನು, ಕೈಗಳನ್ನು, ಮಾತುಗಳನ್ನು ಹಿಡಿದಿಡುತ್ತದೆ. ಸ್ವರಗಳನ್ನು ಮಾತ್ರ ಹಿಡಿಯಲಾರದು.

ನಾನು ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ. ಬೇಸ್ ಗಿಟಾರಿನ, ಅಂದರೆ ತಗ್ಗಿನ ಸ್ವರಗಳ ಗಿಟಾರಿನ, ಜೊತೆಗಾರ ಸಿಗದೆ ಒಬ್ಬಂಟಿಯಾಗಿ ನುಡಿಸುವ ಗಿಟಾರ್ ವಾದಕರಿಗೆ ಜೊತೆಯಾಗಲೆಂದು ನನ್ನನ್ನು ಮಾಡಿದರು. ಆ ಕೆಲಸದಲ್ಲಿ ನಾನು ಪೂರ್ತಿಯಾಗಿ ಸೋತೆ. ನನ್ನ ದನಿ ಬೇಸ್ ಗಿಟಾರಿನ ದನಿಯಂತೆ ಇರಲೇ ಇಲ್ಲ. ಕೊಂಡವರು ಹಿಂದಿರುಗಿಸಿದರು, ಅಂಗಡಿಯವರು ಎದುರಿನ ಗಾಜಿನ ಕಪಾಟಿನಿಂದ ನನ್ನನ್ನು ತೆಗೆದು ಕೆಳಗಿನ ಅರೆಗೆ ತಳ್ಳಿದರು. ಸಿಂಗಾಪುರದ ಅಂತಹ ಒಂದು ಕೆಳಗಿನ ಅರೆಯಿಂದ ನನ್ನನ್ನು ಎತ್ತಿಕೊಂಡವರು ಸಿಲ್ವೆಸ್ಟರ್ ಎಂಬವರು. ಅವರು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ ಮಂಗಳೂರಿಗರು. ಊರಿನಲ್ಲಿ ಅವರ ಅಕ್ಕ ಸೆರಾಫಿನ್ ಬಾಯಿಯ ಗಂಡ ಒಂದು ಬ್ಯಾಂಡಿನ ಯಜಮಾನ. ಅವರಿಗೆಂದೇ ನನ್ನನ್ನು ಕೊಂಡರು.

ಮಂಗಳೂರಿನ ಜೆಪ್ಪುವಿನಲ್ಲಿದ್ದ ಆ ಭಾವ ಬೋನಿಫಾಸ್ ಮಾಸ್ಟರ್ ಅವರದ್ದು ಆಗಿನ ಕ್ರೈಸ್ತ ಮದುವೆಗಳಲ್ಲಿ ದೊಡ್ಡ ಹೆಸರು. ಟ್ರಂಪೆಟ್ ಅವರ ವಾದ್ಯ. ಅವರ ಬ್ಯಾಂಡಿನ ಬೇಸ್ ಗಿಟಾರ್ ವಾದಕ ಬಹ್ರೇನಿನ ಕೆಲಸ ಸಿಕ್ಕಿ ಹೊರಟುಹೋಗಿದ್ದ. ಸಿಲ್ವೆಸ್ಟರ್ ನನ್ನನ್ನು ಊಟದ ಮೇಜಿನ ಮೇಲಿಟ್ಟು ಮುಚ್ಚಿದ್ದ ಬಟ್ಟೆಯನ್ನು ಸರಿಸಿದರು. ಅವರು ಮನೆಯಲ್ಲಿ ಆಡುತ್ತಿದ್ದದ್ದು ಕೊಂಕಣಿ. ನಾನಿಲ್ಲಿ ಅದನ್ನು ಆ ಊರಿನ ಕನ್ನಡದಲ್ಲೇ ಹೇಳುತ್ತಿದ್ದೇನೆ.

"ಭಾವ, ಇವ ನಿಮ್ಮ ಹೊಸ ಬೇಸ್‌ನವ. ಇವನಿಗೆ ಊಟ ಬೇಡ, ಕುಡಿಲಿಕ್ಕೆ ಬೇಡ, ಬಹ್ರೇನಿಗೂ ಹೋಗುವುದಿಲ್ಲ."

ಮಾಸ್ಟರ್ ನನ್ನ ದನಿಯನ್ನು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣು ತೆರೆದು, "ಇವನಿಗೆ ಶೀತ ಆಗಿದೆ ಮಾರಾಯ," ಎಂದರು.

ಎಲ್ಲರೂ ನಕ್ಕರು. ನಗದಿದ್ದವನು ಒಬ್ಬನೇ, ಮಾಸ್ಟರ್ ಅವರ ಮಗ ಎವರಿಸ್ಟ್. ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಇಪ್ಪತ್ತರ ಹರೆಯದ ತರುಣ. ನನ್ನನ್ನು ತನ್ನ ಕೋಣೆಗೆ ಒಯ್ದು, ಪೆಟ್ಟಿಗೆಯಲ್ಲಿದ್ದ ಕೈಪಿಡಿಯನ್ನು ಓದಿ, ಒಂದು ಮದುವೆ ಹಾಡಿಗೆ ಬೇಕಾದ ಬೇಸ್ ಸ್ವರಗಳನ್ನು ಬಹಳ ತಾಳ್ಮೆಯಿಂದ ನನಗೆ ಕಲಿಸಿದ. ಅವನ ಬೆರಳುಗಳು ತೆಳ್ಳಗಿದ್ದವು. ತಪ್ಪಾದರೆ ಅವನು ನನ್ನನ್ನು ಬಯ್ಯದೆ ತನ್ನನ್ನೇ ಬಯ್ದುಕೊಳ್ಳುತ್ತಿದ್ದ.

ಆ ಮನೆಯಲ್ಲಿ ಒಂದು ಕಟ್ಟುನಿಟ್ಟಾದ ರೂಢಿಯಿತ್ತು. ಟಾರ್ಚ್ ಇರಲಿ, ರೇಡಿಯೊ ಇರಲಿ, ಕೆಲಸ ಮುಗಿದ ಮೇಲೆ ಸೆಲ್ ಅದರೊಳಗೆ ಉಳಿಯುವಂತಿರಲಿಲ್ಲ. ಸೆರಾಫಿನ್ ಬಾಯಿಯ ತವರಿನಿಂದ ಬಂದಿದ್ದ ರೇಡಿಯೊ ಒಂದು ಮಳೆಗಾಲದಲ್ಲಿ ಸೆಲ್ ಸೋರಿ ಹಾಳಾಗಿತ್ತು. ಅಂದಿನಿಂದ ಅವರು ಸಂಜೆಯಾಗುತ್ತಲೇ ಮನೆಯ ಎಲ್ಲ ಸೆಲ್ಲುಗಳನ್ನು ತೆಗೆದು, ಒರೆಸಿ, ಬೆಳಗ್ಗೆ ಗೆರಸೆಯಲ್ಲಿ ಹರಡಿ ಕಂಪೌಂಡಿನ ಗೋಡೆಯ ಮೇಲೆ ಒಣಮೆಣಸಿನ ಪಕ್ಕ ಬಿಸಿಲಿಗೆ ಇಡುತ್ತಿದ್ದರು. ಬಿಸಿಲು ಕಂಡ ಸೆಲ್ಲಿಗೆ ಮತ್ತೆ ಸ್ವಲ್ಪ ಜೀವ ಬರುತ್ತದೆ ಎಂಬುದು ಅವರ ಅನುಭವ. ಅದು ಸುಳ್ಳೂ ಅಲ್ಲ. ಶಾಖಕ್ಕೆ ಹಳೆಯ ಸೆಲ್ ಕೊಂಚ ಚೇತರಿಸಿಕೊಳ್ಳುತ್ತದೆ.

ನನ್ನ ಮೊದಲ ಕಾರ್ಯಕ್ರಮ ಕುಲಶೇಖರದ ಒಂದು ಮನೆಯ ರೋಸ್. ಮದುವೆಯ ಹಿಂದಿನ ದಿನ ವಧುವಿಗೆ ತೆಂಗಿನ ಹಾಲು ಹಚ್ಚಿ ಹರಸುವ ಸಮಾರಂಭವದು. ಅದರ ಹಿಂದಿನ ಸಂಜೆ ಎವರಿಸ್ಟ್ ನನಗೆ ಕಲಿಸಿ ಮುಗಿಸಿ ಹೊರಗೆ ಹೋಗಿದ್ದಾಗ, ಸೆರಾಫಿನ್ ಬಾಯಿ ಮನೆಯ ರೂಢಿಯಂತೆ ನನ್ನ ಸೆಲ್ಲುಗಳನ್ನು ತೆಗೆದರು, ಬೆಳಗ್ಗೆ ಬಿಸಿಲಿಗಿಟ್ಟರು, ಬ್ಯಾಂಡಿನ ವ್ಯಾನು ಬರುವ ಮೊದಲು ಮರೆಯದೆ ಮತ್ತೆ ಹಾಕಿಟ್ಟರು. ಮಗನ ಯಂತ್ರದ ಸೆಲ್ಲನ್ನು ಬೇರೆಯವಕ್ಕಿಂತ ಹೆಚ್ಚು ಮುತುವರ್ಜಿಯಿಂದ ಒರೆಸಿದ್ದರು.

ಚಪ್ಪರದಲ್ಲಿ ಮಾಸ್ಟರ್ ಟ್ರಂಪೆಟ್ ಎತ್ತಿದರು. ಎವರಿಸ್ಟ್ ನನ್ನ ಗುಂಡಿ ಒತ್ತಿದ. ಅವನು ಕಲಿಸಿದ ಒಂದು ಸ್ವರವೂ ನನ್ನಲ್ಲಿರಲಿಲ್ಲ. ನಾನು ಏನನ್ನೋ ನುಡಿಸಿದೆ. ಮೇಲಿಂದ ಕೆಳಕ್ಕೆ ಜಾರುವ, ಎಲ್ಲೆಲ್ಲೋ ಎಡವುವ, ಅರ್ಥವಿಲ್ಲದ ಸ್ವರಗಳ ಒಂದು ಸುರುಳಿ. ಅವನು ನನ್ನನ್ನು ತಕ್ಷಣ ನಿಲ್ಲಿಸಬಹುದಿತ್ತು. ಆದರೆ ಅವನ ಕೈ ತಿರುಗಣೆಗಳ ಕಡೆಗೆ ಹೋಯಿತು. ಅವನು ತಿರುಗಿಸಿದಂತೆ ನನ್ನ ಗೊಣಗು ಮೆಲ್ಲನೆ ಬಿಚ್ಚಿಕೊಂಡು ಚೀತ್ಕಾರವಾಯಿತು. ಕೊಳವೆಯೊಳಗಿನ ನೀರು ಮಾತಾಡಲು ಹೊರಟಂತೆ. ತಲೆಯಿಂದ ತೆಂಗಿನ ಹಾಲು ಇಳಿಯುತ್ತಿದ್ದ ವಧು ಬಾಯಿ ಮುಚ್ಚಿಕೊಂಡು ನಕ್ಕಳು. ಯಾರೋ ಒಬ್ಬ ಹಿರಿಯರು, "ಒಳಗೆ ಯಾರದ್ದೋ ಜೀವ ಹೋಗ್ತಾ ಉಂಟು, ನೀರು ಕೊಡಿ!" ಎಂದು ಕೂಗಿದರು. ಡ್ರಮ್ಮಿನ ಹಿಂದೆ ಕೂತಿದ್ದ ಭುಜಂಗ ಮಾತ್ರ ನಗಲಿಲ್ಲ. ಅವನು ಹಂಚಿನ ಕಾರ್ಖಾನೆಯ ಕೆಲಸಗಾರ, ಎವರಿಸ್ಟನ ಗೆಳೆಯ. ನನ್ನ ಸ್ವರಗಳ ಅಡಿಗೆ ಅವನು ಒಂದೇ ಸಮನೆ ಪೆಟ್ಟು ಹಾಕತೊಡಗಿದ. ಏರಿಳಿತವಿಲ್ಲದ, ನಡೆಯುವ ಕಾಲಿನಂತಹ ಪೆಟ್ಟು. ಸ್ವಲ್ಪ ಹೊತ್ತು, ನಿಜವಾಗಿಯೂ ಸ್ವಲ್ಪವೇ ಹೊತ್ತು, ಅಲ್ಲಿ ಏನೋ ಒಂದು ನಡೆಯಿತು.

ಮಾಸ್ಟರ್ ಟ್ರಂಪೆಟ್ ಇಳಿಸಿದರು. "ನಿಲ್ಲಿಸು ಆ ಪೆಟ್ಟಿಗೆ."

ಮನೆಗೆ ಬಂದ ಮೇಲೆ ಎವರಿಸ್ಟ್ ನನ್ನ ಬೆನ್ನಿನ ಮುಚ್ಚಳ ತೆರೆದ. ಸೆಲ್ಲುಗಳು ಒರೆಸಿ ಹೊಳೆಯುತ್ತಿದ್ದವು. ಅವುಗಳಲ್ಲೊಂದರ ಮೈಗೆ ಮೆಣಸಿನ ಒಂದು ಬೀಜ ಅಂಟಿಕೊಂಡಿತ್ತು. ಅವನಿಗೆ ಎಲ್ಲವೂ ಅರ್ಥವಾಯಿತು. ಕೈಪಿಡಿಯಲ್ಲಿ ಅದನ್ನು ಅವನು ಓದಿದ್ದ.

"ಯಾರ ಕೈ ತಾಗಿದ್ದು ಇದಕ್ಕೆ?" ಮಾಸ್ಟರ್ ಗುಡುಗಿದರು. "ನನ್ನ ಮರ್ಯಾದೆ ಹೋಯ್ತು, ಗೊತ್ತುಂಟಾ?"

ಸೆರಾಫಿನ್ ಬಾಯಿ ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎವರಿಸ್ಟ್ ಆ ಕಡೆ ನೋಡಲಿಲ್ಲ.

"ನನ್ನದೇ ತಪ್ಪು ಡ್ಯಾಡಿ. ಸರಿಯಾಗಿ ಕಲಿಸ್ಲಿಲ್ಲ ನಾನು."

ಆಮೇಲೆ ತಾಯಿಗೆ ಇಷ್ಟೇ ಹೇಳಿದ: "ಮಮ್ಮಿ, ಇನ್ನು ಇದರ ಸೆಲ್ ನಾನೇ ನೋಡಿಕೊಳ್ತೇನೆ. ನಿನಗೆ ಬೇರೆ ಕೆಲಸ ಉಂಟಲ್ಲ." ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಆ ದಿನದ ಅವಮಾನಕ್ಕೆ ತಾನೇ ಕಾರಣವೆಂದು ಆಕೆ ಬದುಕಿಡೀ ಕೊರಗುತ್ತಿದ್ದರು. ಅವನು ಕಾರಣವನ್ನು ಹೇಳಿದ್ದು ಭುಜಂಗನೊಬ್ಬನಿಗೆ. ಆ ದಯೆಗೆ ಮುಂದೆ ಎಷ್ಟು ಬೆಲೆ ತೆರಬೇಕಾದೀತೆಂದು ಅವನಿಗೆ ತಿಳಿಯುವಂತಿರಲಿಲ್ಲ.

ಬ್ಯಾಂಡಿನಿಂದ ನನ್ನನ್ನು ಹೊರಗಿಟ್ಟರು. ನನ್ನ ಬದುಕಿನ ಒಳ್ಳೆಯ ಕಾಲ ಶುರುವಾದದ್ದು ಆಗಲೇ. ಭಾನುವಾರ ಪೂಜೆ ಮುಗಿಸಿ ಎವರಿಸ್ಟ್ ನನ್ನನ್ನೂ ಒಂದು ಚಿಕ್ಕ ಆಂಪ್ಲಿಫೈಯರನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಭುಜಂಗನ ಕಾರ್ಖಾನೆಗೆ ಹೋಗುತ್ತಿದ್ದ. ರಜೆಯ ದಿನ ಅಲ್ಲಿ ಹಂಚು ಸುಡುವ ಗೂಡಿಗೆ ಬೆಂಕಿಯಿಲ್ಲ. ಹಸಿ ಹಂಚುಗಳನ್ನು ಒಣಗಿಸುವ ಉದ್ದನೆಯ ಶೆಡ್ಡಿನಲ್ಲಿ ನೆರಳು, ಮಣ್ಣಿನ ವಾಸನೆ. ಅಲ್ಲಿ ಅವನು ಬೇಕೆಂದೇ ನನ್ನ ಸೆಲ್ ತೆಗೆದು ಹಾಕುತ್ತಿದ್ದ. ಏನೇನು ಕಸ ಬರುತ್ತದೆಂದು ಕೇಳುತ್ತಿದ್ದ. ಆ ಕಸದಿಂದ ಎರಡು ಮೂರು ಸ್ವರಗಳನ್ನು ಹೆಕ್ಕಿ, ಬೇರೆ ದಿನದ ಸ್ವರಗಳೊಡನೆ ಕೂಡಿಸಿ, ಮತ್ತೆ ನನಗೆ ಕಲಿಸುತ್ತಿದ್ದ.

"ಇದು ಎಂತ ರಾಗ ಮಾರಾಯ?" ಭುಜಂಗ ಕೇಳಿದ.

"ರಾಗ ಅಲ್ಲ."

"ಎಲ್ಲಿ ಮುಗಿತದೆ?"

"ಮುಗಿಯುವುದೇ ಇಲ್ಲ."

"ಹಾಗಾದ್ರೆ ನನ್ನ ಕೈ ಬಿದ್ದುಹೋದ್ರೆ ನೀನೇ ನಾಳೆ ಬಂದು ಹಂಚು ಹೊರ್ಬೇಕು."

ಹಾಗೆ ಹೇಳಿಯೂ ಅವನು ಬಾರಿಸುವುದನ್ನು ನಿಲ್ಲಿಸುತ್ತಿರಲಿಲ್ಲ.

ಹಲವು ತಿಂಗಳ ಕೊನೆಗೆ ಎವರಿಸ್ಟ್ ಒಂದು ಸುರುಳಿಯನ್ನು ಪೂರ್ತಿ ಮಾಡಿದ. ಅದಾದ ಮೇಲೆ ಅವನು ನನ್ನ ಸೆಲ್ ತೆಗೆಯಲಿಲ್ಲ. ಹಳತಾದವನ್ನು ಬದಲಿಸುವಾಗಲೂ ಮೊದಲು ಕರೆಂಟಿನ ತಂತಿ ಸಿಕ್ಕಿಸಿ, ನನ್ನ ನೆನಪು ಒಂದು ಕ್ಷಣವೂ ತಪ್ಪದಂತೆ ನೋಡಿಕೊಂಡ. ಸಂಜೆ ತನ್ನ ಕೋಣೆಯಲ್ಲಿ ದನಿ ತಗ್ಗಿಸಿ ಅದನ್ನು ನುಡಿಸುತ್ತಿದ್ದ. ಆ ಕೋಣೆಗೆ ಒಂದು ಪಕ್ಕದಲ್ಲಿ ಅಡುಗೆಮನೆ, ಇನ್ನೊಂದು ಪಕ್ಕದಲ್ಲಿ ಮಾಸ್ಟರ್ ಅವರ ಕೋಣೆ. ತಾಯಿ ಅರೆಯುವ ಕಲ್ಲಿನ ಮುಂದೆ ಕೂತು ಅದನ್ನೇ ಗುನುಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಮಾಸ್ಟರ್ ಅವರ ಕೋಣೆಯ ಕಡೆಯ ಗೋಡೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ.

ಎವರಿಸ್ಟನಿಗೆ ಬೇಕಾಗಿದ್ದದ್ದು ಒಂದೇ. ತಂದೆ ಎದುರು ಕೂತು ಒಮ್ಮೆ ಅದನ್ನು ಕೊನೆಯವರೆಗೆ ಕೇಳಬೇಕು.

"ಈಗ ಮದುವೆಗಳ ಕಾಲ," ಎಂದರು ಮಾಸ್ಟರ್. "ಪುರುಸೊತ್ತಿಲ್ಲ. ತಪಸ್ಸುಕಾಲ ಬರ್ಲಿ."

ತಪಸ್ಸುಕಾಲ ಬಂತು. ಈಸ್ಟರ್ ಹಬ್ಬಕ್ಕೆ ಮುಂಚಿನ ಆ ವಾರಗಳಲ್ಲಿ ಕ್ರೈಸ್ತರ ಮದುವೆಗಳಿರುವುದಿಲ್ಲ. ಮಾಸ್ಟರ್ ಮನೆಯಲ್ಲೇ ಇದ್ದರು. ಆದರೆ ಆ ದಿನಗಳಲ್ಲಿ ಅವರು ಮನೆಯಲ್ಲಿ ಯಾರಿಗೂ ವಾದ್ಯ ಮುಟ್ಟಗೊಡುತ್ತಿರಲಿಲ್ಲ. ಟ್ರಂಪೆಟನ್ನೇ ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

"ಈಸ್ಟರ್ ಆಗ್ಲಿ. ಆಗ ಕೂತು ಕೇಳ್ತೇನೆ. ಮಾತು ಕೊಟ್ಟೆ, ಸಾಕಾ?"

ಎವರಿಸ್ಟ್ ನನ್ನನ್ನು ಒರೆಸಿ, ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ ಕಪಾಟಿನ ಮೇಲಿಟ್ಟ. ಸೆಲ್ಲುಗಳು ಒಳಗಿದ್ದವು, ಹಾಡು ಒಳಗಿತ್ತು. ಸ್ವಲ್ಪ ದಿನಗಳಲ್ಲಿ ಅವನ ಕಣ್ಣು ಹಳದಿಯಾಯಿತು. ಮೊದಲು ನಾಟಿ ಔಷಧ, ಆಮೇಲೆ ಆಸ್ಪತ್ರೆ. ಈಸ್ಟರ್ ಬರುವ ಮೊದಲೇ ಅವನನ್ನು ಮನೆಗೆ ತಂದರು. ಮಲಗಿಸಿ, ಹೂವು ಮುಚ್ಚಿ. ಬ್ಯಾಂಡಿನವರು ಬಂದು ಅಂಗಳದಲ್ಲಿ ನಿಂತರು. ಯಾರು ನುಡಿಸಬೇಕೆಂದು ಯಾರೂ ಕೇಳಲಿಲ್ಲ.

ಆ ವರ್ಷ ಆ ಮನೆಯಲ್ಲಿ ಸಂಗೀತವಿರಲಿಲ್ಲ. ಮಳೆಗಾಲ ಶುರುವಾಯಿತು. ಗೋಡೆಗಳು ತೇವಗೊಂಡವು. ಸೆರಾಫಿನ್ ಬಾಯಿಗೆ ತವರಿನ ರೇಡಿಯೊ ನೆನಪಾಗಿರಬೇಕು. ಒಂದು ಮಧ್ಯಾಹ್ನ ಅವರು ಮಗನ ಕೋಣೆಗೆ ಬಂದು, ನನ್ನನ್ನು ಚೀಲದಿಂದ ಹೊರತೆಗೆದು, ಮಡಿಲಲ್ಲಿ ಬೋರಲು ಮಲಗಿಸಿಕೊಂಡರು. ಮುಚ್ಚಳದ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ತಡೆಯಿತು. ನೀನು ನೋಡಬೇಡ, ನಾನೇ ನೋಡಿಕೊಳ್ತೇನೆ ಎಂದಿದ್ದವನು ಈಗಿರಲಿಲ್ಲ. ಇನ್ನು ತಾನಲ್ಲದೆ ಯಾರು ನೋಡಬೇಕು?

ಒಂದೊಂದಾಗಿ ನಾಲ್ಕೂ ಸೆಲ್ಲುಗಳನ್ನು ತೆಗೆದರು. ನನ್ನನ್ನು ಉಳಿಸುತ್ತಿದ್ದೇನೆಂದೇ ಅವರು ತಿಳಿದಿದ್ದರು. ತಡೆಯಲು ನನಗೆ ಬಾಯಿ ಇದ್ದರೂ ಮಾತು ಇರಲಿಲ್ಲ. ಎವರಿಸ್ಟನ ಹಾಡು ಇದ್ದ ಜಾಗದಲ್ಲಿ ಏನಾಯಿತೆಂದು ವಿವರಿಸುವ ಶಕ್ತಿ ನನಗಿಲ್ಲ. ಇತ್ತು, ಇಲ್ಲವಾಯಿತು. ಅವರು ಸೆಲ್ಲುಗಳನ್ನು ಸೆರಗಿನಿಂದ ಒರೆಸಿ, ಬಿಸಿಲಿಲ್ಲದ್ದರಿಂದ ಒಲೆಯ ಹತ್ತಿರದ ಗೂಡಿನಲ್ಲಿಟ್ಟರು.

ಮರುವರ್ಷದ ಕ್ರಿಸ್‌ಮಸ್ಸಿಗೆ ಸಿಲ್ವೆಸ್ಟರ್ ಊರಿಗೆ ಬಂದರು. ಅದು ಸಾವಿರದ ಒಂಬೈನೂರ ಎಂಬತ್ತೆಂಟು. ಹಬ್ಬದ ಮರುದಿನ ಮಧ್ಯಾಹ್ನ ಭುಜಂಗನನ್ನೂ ಊಟಕ್ಕೆ ಕರೆದಿದ್ದರು. ಊಟದ ನಂತರ ಸಿಲ್ವೆಸ್ಟರ್ ತಮ್ಮ ಟೇಪ್ ರೆಕಾರ್ಡರನ್ನು ಮೇಜಿಗೆ ತಂದು, ಜೇಬಿನಿಂದ ಒಂದು ಕ್ಯಾಸೆಟ್ ತೆಗೆದರು. ಅದರ ಮೇಲೆ ಹಳದಿ ಬಣ್ಣದ ಒಂದು ದುಂಡು ಮುಖದ ಚೀಟಿ ಅಂಟಿಸಿತ್ತು. ಎರಡು ಕಣ್ಣು, ಅಗಲವಾದ ನಗು.

"ಇದು ಯಾಕೆ ಹೀಗೆ ನಗ್ತಾ ಉಂಟು?" ಮಾಸ್ಟರ್ ಕೇಳಿದರು. ಮಗ ಹೋದ ಮೇಲೆ ಅವರ ದನಿ ಬಹಳ ತಗ್ಗಿತ್ತು.

"ಈ ಸಂಗೀತದ ಗುರುತೇ ಅದು ಭಾವ. ಆ್ಯಸಿಡ್ ಹೌಸ್ ಅಂತ ಹೇಳ್ತಾರೆ. ಇಂಗ್ಲೆಂಡಿನಲ್ಲಿ ಹಡಗು ರಿಪೇರಿಗೆ ನಿಂತಿತ್ತಲ್ಲ, ಅಲ್ಲಿ ವರ್ಕ್‌ಶಾಪಿನ ಹುಡುಗರು ಇದನ್ನೇ ಹಾಕ್ತಿದ್ರು. ಮೊದಲ ಸಲ ಕೇಳಿದಾಗ ನನ್ನ ಕೈಯಿಂದ ಸ್ಪಾನರ್ ಬಿತ್ತು. ಕೇಳಿ, ಯಾಕೆ ಅಂತ ನಾನು ಹೇಳುವುದಿಲ್ಲ."

ನಾನು ಒಳಗಿನ ಕಪಾಟಿನ ಮೇಲಿದ್ದೆ. ಸೆಲ್ ಇಲ್ಲದ, ಶಕ್ತಿಯಿಲ್ಲದ ಪೆಟ್ಟಿಗೆ. ಬಾಗಿಲು ತೆರೆದಿತ್ತು.

ಮೊದಲು ಡ್ರಮ್ಮಿನ ಪೆಟ್ಟು ಬಂತು. ಏರಿಳಿತವಿಲ್ಲದ ಒಂದೇ ಸಮನಾದ ಪೆಟ್ಟು. ಭುಜಂಗನ ಬೆರಳುಗಳು ತಾವಾಗಿ ಮೇಜಿನ ಅಂಚನ್ನು ಬಡಿಯತೊಡಗಿದವು. ಆಮೇಲೆ, ಆ ಪೆಟ್ಟಿನ ಅಡಿಯಿಂದ, ನೀರೊಳಗಿನಿಂದ ಏಳುವ ಗುಳ್ಳೆಯಂತೆ ಒಂದು ದನಿ ಮೇಲಕ್ಕೆ ಬಂತು. ಗೊಣಗಿತು. ಜಾರಿತು. ಯಾರೋ ತಿರುಗಣೆಯನ್ನು ಮೆಲ್ಲನೆ ತಿರುಗಿಸಿದರು. ಅದು ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಚೀರಿತು.

ಅದು ನನ್ನ ದನಿ. ಯಾವುದೋ ಊರಿನ ಕೆಳಗಿನ ಅರೆಯಿಂದ, ನನ್ನಂತೆಯೇ ಯಾರಿಗೂ ಬೇಡವಾಗಿದ್ದ ನನ್ನ ಒಡಹುಟ್ಟೊಂದನ್ನು ಯಾರೋ ಎತ್ತಿಕೊಂಡಿದ್ದರು. ಅದರ ತಪ್ಪುಗಳನ್ನು ತಪ್ಪೆನ್ನದೆ ಕೇಳಿದ್ದರು.

"ದೊಡ್ಡ ದೊಡ್ಡ ಗೋದಾಮಿನಲ್ಲಿ ಸಾವಿರಗಟ್ಟಲೆ ಮಕ್ಕಳು ಇದಕ್ಕೆ ಕುಣಿತಾರಂತೆ," ಎಂದರು ಸಿಲ್ವೆಸ್ಟರ್.

"ಗೋದಾಮು!" ಎಂದ ಭುಜಂಗ. "ನಾವು ಹಂಚಿನ ಶೆಡ್ಡಲ್ಲಿ ಇಬ್ಬರೇ ಇದ್ದೆವು ಮಾಸ್ಟ್ರೇ. ಕುಣಿಲಿಕ್ಕೆ ಒಂದು ನಾಯಿ ಕೂಡ ಇರ್ಲಿಲ್ಲ."

ಮಾಸ್ಟರ್ ಕಣ್ಣು ಮುಚ್ಚಿದ್ದರು. ಕ್ಯಾಸೆಟ್ಟಿನ ಒಂದು ಬದಿ ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು.

"ನನ್ನ ಮಗ ತಪ್ಪು ಬಾರಿಸ್ಲಿಲ್ಲ," ಎಂದರು ಅವರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಸೆರಾ, ಅವನ ಪೆಟ್ಟಿಗೆ ತಾ. ಈಸ್ಟರ್ ಕಳೆದು ಎಷ್ಟು ಕಾಲ ಆಯ್ತು."

ಸೆರಾಫಿನ್ ಬಾಯಿ ಓಡುತ್ತಲೇ ಒಳಗೆ ಬಂದರು. ನನ್ನನ್ನು ಮೇಜಿನ ಮೇಲಿಟ್ಟು, ಒಲೆಗೂಡಿನಿಂದ ಸೆಲ್ಲುಗಳನ್ನು ತಂದರು. ಅವರ ಮುಖದಲ್ಲಿ ಬಹಳ ಕಾಲದ ನಂತರ ಒಂದು ಬೆಳಕಿತ್ತು.

"ನೋಡಿ, ಸ್ವಲ್ಪವೂ ಸೋರ್ಲಿಲ್ಲ. ನಾನು ಮಳೆ ಶುರುವಾದ ಕೂಡಲೇ ಜಾಗ್ರತೆಯಾಗಿ ತೆಗೆದಿಟ್ಟಿದ್ದೆ."

ಭುಜಂಗನ ಬೆರಳು ಮೇಜಿನ ಅಂಚಿನಲ್ಲಿ ನಿಂತುಬಿಟ್ಟಿತು. "ಬಾಯಮ್ಮ, ಸೆಲ್ಲು..." ಎಂದ. ಆಕೆಯ ಮುಖ ನೋಡಿ ಮುಂದಿನ ಮಾತನ್ನು ನುಂಗಿದ.

ಅವನೇ ಆಂಪ್ಲಿಫೈಯರಿಗೆ ತಂತಿ ಜೋಡಿಸಿದ. ಗುಂಡಿ ಒತ್ತಿದ. ನಾನು ನುಡಿಸಿದೆ. ಯಾರದ್ದೂ ಅಲ್ಲದ ಸ್ವರಗಳು, ಅಡ್ಡಾದಿಡ್ಡಿ, ಒಂದರ ಮೇಲೊಂದು ಬಿದ್ದು ಹೊರಬಂದವು. ಭುಜಂಗ ಅವಸರದಿಂದ ತಿರುಗಣೆಗಳಿಗೆ ಕೈಹಾಕಿ, ಎವರಿಸ್ಟ್ ತಿರುಗಿಸುತ್ತಿದ್ದ ರೀತಿಯಲ್ಲೇ ತಿರುಗಿಸಿದ. ನಾನು ಚೀರಿದೆ. ನನ್ನ ಜೀವನದಲ್ಲಿ ಅಷ್ಟು ನಿಜವಾಗಿ ಎಂದೂ ಚೀರಿರಲಿಲ್ಲ.

ಸೆರಾಫಿನ್ ಬಾಯಿಯ ಕೈ ಸೆರಗಿನಲ್ಲಿ ಬಿಗಿಯಿತು. ಗಂಡನ ಕಡೆ ನೋಡಿದರು. ಮಾಸ್ಟರ್ ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಇದೇ," ಎಂದರು ಸೆರಾಫಿನ್ ಬಾಯಿ. "ಇದೇ ನನ್ನ ಮಗನದ್ದು."

"ಹೌದು," ಎಂದರು ಮಾಸ್ಟರ್. "ಇದೇ."

ಸಂಜೆ ಭುಜಂಗ ಹೊರಟಾಗ ಮಾಸ್ಟರ್ ಅವನ ಜೊತೆ ಜಗಲಿಗೆ ಬಂದರು. ಜಗಲಿಯ ಮೇಜಿನ ಮೇಲೆ ನನ್ನನ್ನಿಟ್ಟಿದ್ದರು. ಅವರು ದನಿ ತಗ್ಗಿಸಿ ಹೇಳಿದ್ದನ್ನು ನಾನು ಕೇಳಿದೆ.

"ಅದು ಅವನದ್ದಲ್ಲ ಭುಜಂಗ. ನನಗೆ ಗೊತ್ತಾಯ್ತು."

"ಮಾಸ್ಟ್ರೇ, ನೀವು ಕೇಳಿರ್ಲಿಲ್ಲ ಅಲ್ವಾ?"

"ಕೇಳಿದ್ದೆ. ಗೋಡೆಗೆ ಕಿವಿ ಕೊಟ್ಟು ದಿನಾ ಕೇಳ್ತಿದ್ದೆ. ಚೆಂದ ಉಂಟು ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ನನಗೆ. ಅದು ಎಂತ, ಸೆಲ್ ತೆಗೆದ್ರೆ ಹೋಗ್ತದಾ?"

ಭುಜಂಗ ತಲೆ ತಗ್ಗಿಸಿದ.

"ಅವಳಿಗೆ ಯಾವತ್ತೂ ಹೇಳ್ಬೇಡ. ಕೈಮುಗಿತೇನೆ. ತನ್ನ ಕೈಯಿಂದಲೇ ಹೋಯ್ತು ಅಂತ ಗೊತ್ತಾದ್ರೆ ಅವಳು ಬದುಕುವುದಿಲ್ಲ."

ಆಮೇಲೆ ಅದೊಂದು ರೂಢಿಯಾಯಿತು. ಪ್ರತಿ ಭಾನುವಾರ ಪೂಜೆಯಿಂದ ಬಂದ ಮೇಲೆ ಸೆರಾಫಿನ್ ಬಾಯಿ ಸೆಲ್ಲುಗಳನ್ನು ಹಾಕಿ ನನ್ನನ್ನು ಮೇಜಿಗೆ ತರುತ್ತಿದ್ದರು. ಬಿಡುವಿದ್ದಾಗ ಭುಜಂಗನೂ ಬರುತ್ತಿದ್ದ. ಕೇಳಿ ಮುಗಿದ ಮೇಲೆ ಸೆಲ್ಲುಗಳು ಮತ್ತೆ ಹೊರಗೆ, ಗೆರಸೆಯಲ್ಲಿ, ಬಿಸಿಲಿಗೆ. ಹೀಗಾಗಿ ಪ್ರತಿ ವಾರ ನನ್ನಿಂದ ಹೊಸದೊಂದು ಕಸ ಬರುತ್ತಿತ್ತು.

"ಇವತ್ತು ಬೇರೆ ಬಂತು ಕೇಳಿದ್ರಾ?" ಎನ್ನುತ್ತಿದ್ದರು ಆಕೆ. "ಎಷ್ಟು ಮಾಡಿಟ್ಟಿದ್ದಾನೆ ನೋಡಿ ಒಳಗೆ."

"ಇನ್ನೂ ತುಂಬ ಇರ್ಬಹುದು," ಎನ್ನುತ್ತಿದ್ದರು ಮಾಸ್ಟರ್. ಆಮೇಲೆ ಟ್ರಂಪೆಟ್ ತೆಗೆದುಕೊಂಡು ನನ್ನ ಅರ್ಥವಿಲ್ಲದ ಸ್ವರಗಳ ನಡುವೆ ದಾರಿ ಹುಡುಕುತ್ತಿದ್ದರು. ಕೆಲವು ವಾರ ದಾರಿ ಸಿಗುತ್ತಿತ್ತು. ಆಗ ನಾವಿಬ್ಬರೂ ಕೂಡಿ ಏನನ್ನೋ ನುಡಿಸುತ್ತಿದ್ದೆವು. ಭುಜಂಗ ಮೇಜು ಬಡಿಯುತ್ತಿದ್ದ. ಮಾಸ್ಟರ್ ಮುದುಕರಾದರು, ಉಸಿರು ಕಡಿಮೆಯಾಯಿತು, ಬ್ಯಾಂಡು ಬೇರೆಯವರ ಕೈಗೆ ಹೋಯಿತು. ಭಾನುವಾರ ಮಾತ್ರ ತಪ್ಪಲಿಲ್ಲ. ನಾನು ಈ ಸುಳ್ಳಿನಲ್ಲಿ ಸಂಗಾತಿಯಾಗಿದ್ದೆ. ಮೂವರಲ್ಲಿ ಇಬ್ಬರಿಗೆ ಸತ್ಯ ಗೊತ್ತಿದೆ, ಒಬ್ಬರಿಗೆ ಗೊತ್ತಿಲ್ಲ ಎಂದು ನಾನೂ ನಂಬಿದ್ದೆ.

ಒಂದು ಭಾನುವಾರ ಮಾಸ್ಟರ್ ಬಹಳ ಹೊತ್ತು ನುಡಿಸಿದರು. ಟ್ರಂಪೆಟ್ ಇಳಿಸಿ, "ಇವತ್ತಿನದ್ದು ಲಾಯ್ಕ್ ಉಂಟು," ಎಂದು ಎದೆ ಒತ್ತಿಕೊಂಡು ಕೂತರು. ಅವರನ್ನು ಆಸ್ಪತ್ರೆಗೆ ಒಯ್ಯುವ ಗಡಿಬಿಡಿಯಲ್ಲಿ ನನ್ನ ಸೆಲ್ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಅವರು ಹಿಂದಿರುಗಲಿಲ್ಲ.

ಅವರ ಆತ್ಮಕ್ಕಾಗಿ ನಡೆಸಿದ ತಿಂಗಳ ಪೂಜೆ ಮುಗಿದ ನಂತರದ ಭಾನುವಾರ ಭುಜಂಗ ಬಂದ. ಅವನ ತಲೆಯೂ ಆಗ ನೆರೆತಿತ್ತು. ನಾನು ಮೇಜಿನ ಮೇಲೆ ಇದ್ದಲ್ಲೇ ಇದ್ದೆ.

"ಇವತ್ತು ಕೇಳುವುದಿಲ್ವಾ ಬಾಯಮ್ಮ?"

"ಯಾರಿಗೆ ಬೇಕಾಗಿ ಇನ್ನು?" ಎಂದರು ಸೆರಾಫಿನ್ ಬಾಯಿ.

"ನಿಮ್ಮ ಮಗನದ್ದಲ್ವಾ?"

ಆಕೆ ಅವನ ಕಡೆ ತಿರುಗಿದರು. "ಅಡುಗೆಮನೆಯಲ್ಲಿ ಕೂತು ದಿನಾ ಕೇಳಿದವಳು ನಾನು. ನನ್ನ ಮಗನದ್ದು ಯಾವುದು, ಅಲ್ಲದ್ದು ಯಾವುದು ಅಂತ ನನಗೆ ಗೊತ್ತಾಗುವುದಿಲ್ವಾ ಭುಜಂಗ? ಆ ಕ್ರಿಸ್‌ಮಸ್ಸಿನ ದಿನವೇ ಗೊತ್ತಾಯ್ತು. ನೀನು 'ಸೆಲ್ಲು' ಅಂತ ಹೇಳಿ ಬಾಯಿ ಮುಚ್ಚಿದೆಯಲ್ಲ, ಆವಾಗಲೇ. ಕುಲಶೇಖರದ ರೋಸಿನಲ್ಲಿ ಆದದ್ದು ಯಾಕೆ ಅಂತಲೂ ಆವಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ, ಬಾಯಮ್ಮ, ಇಷ್ಟು ವರ್ಷ?"

"ಅವರು ಅಳ್ತಿದ್ರಲ್ಲ. ಕೊನೆಗಾದ್ರೂ ಮಗನದ್ದು ಕೇಳಿದೆ ಅಂತ ಅವರಿಗೆ ಸಮಾಧಾನ ಇರ್ಲಿ ಅಂತ. ಅವರಿಗೆ ಗೊತ್ತಿರ್ಲಿಲ್ಲ ಪಾಪ."

ಭುಜಂಗ ಎದ್ದು ಜಗಲಿಗೆ ಹೋಗಿ ಬೆನ್ನು ಮಾಡಿ ನಿಂತ. ಮಾಸ್ಟರ್ ಕೈಮುಗಿದು ಕೇಳಿಕೊಂಡಿದ್ದನ್ನು ಅವನು ಆಗಲೂ ಹೇಳಲಿಲ್ಲ. ಒಳಗೆ ಬಂದು, ಬೇರೇನೂ ತೋಚದೆ, ನನ್ನನ್ನು ಬೋರಲು ಮಾಡಿ ಮುಚ್ಚಳಕ್ಕೆ ಉಗುರು ಹಾಕಿದ.

"ಬೇಡ," ಎಂದರು ಆಕೆ.

"ಸೋರ್ತದೆ ಬಾಯಮ್ಮ. ಮಳೆ ಬರ್ಲಿಕ್ಕಾಯ್ತು."

"ಸೋರ್ಲಿ. ಅವರು ಕೊನೆಗೆ ಜೊತೆಯಲ್ಲಿ ಬಾರಿಸಿದ್ದು ಅದರಲ್ಲಿ ಉಂಟು. ತೆಗಿಬೇಡ."

ಬದುಕಿಡೀ ಒಂದು ಸೆಲ್ಲನ್ನೂ ಒಳಗೆ ಉಳಿಯಗೊಡದ ಕೈ ಅದು. ನನ್ನನ್ನು ಹಾಗೆಯೇ ಚೀಲದಲ್ಲಿ ಹಾಕಿ, ಮಗನ ಕಪಾಟಿನ ಮೇಲೆ, ಹಳದಿ ಮುಖದ ಕ್ಯಾಸೆಟ್ಟಿನ ಪಕ್ಕ ಇಟ್ಟಿತು.

ಆ ಮಳೆಗಾಲವೂ ಮುಂದಿನದೂ ಕಳೆದವು. ಸೆಲ್ಲುಗಳು ಸೋರಿದವು. ನನ್ನ ಸ್ಪ್ರಿಂಗುಗಳು ಹಸಿರುಗಟ್ಟಿ, ಮುರಿದು, ಪುಡಿಯಾದವು. ಮಾಸ್ಟರ್ ದಾರಿ ಹುಡುಕಿದ ಆ ಸ್ವರಗಳೂ ಒಂದು ದಿನ ಆರಿದವು. ಈ ಸಲ ಯಾರ ಕೈಯೂ ತಾಗಿರಲಿಲ್ಲ. ನಾನು ಇನ್ನು ನುಡಿಸಲಾರೆ, ಕಲಿಯಲೂ ಆರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಬೇಸ್ ಗಿಟಾರಿನಂತೆ ನುಡಿಸಲಾರದ ನನ್ನನ್ನು ಮೂವರು ಪ್ರೀತಿಸಿದರು. ಇನ್ನೊಬ್ಬರು ಗೋಡೆಯ ಆಚೆಯಿಂದ ಪ್ರೀತಿಸಿದರು.

ಮೊನ್ನೆ ಬೆಳಗ್ಗೆ ಸೆರಾಫಿನ್ ಬಾಯಿ ಕಿಟಕಿಯ ಹೊರಗೆ ಗೆರಸೆಯಲ್ಲಿ ಮೆಣಸು ಹರಡುವ ಸದ್ದು ಕೇಳಿಸಿತು. ಪಕ್ಕದಲ್ಲಿ ಟಾರ್ಚಿನ ಎರಡು ಸೆಲ್ಲುಗಳು ಟಕ್ಕೆಂದು ಕೂತವು. ತಮಗೆ ತಾವೇ ಏನನ್ನೋ ಗುನುಗುತ್ತಿದ್ದರು. ಆ ಕ್ರಿಸ್‌ಮಸ್ಸಿನ ನಂತರ, ಮಾಸ್ಟರ್ ಬದುಕಿದ್ದಷ್ಟು ಕಾಲ, ಅವರು ಗುನುಗಿದ್ದನ್ನು ನಾನು ಕೇಳಿರಲಿಲ್ಲ. ಬಾಯಿ ತಪ್ಪಿ ಬಂದರೆ ಗಂಡನಿಗೆ ತಿಳಿದುಬಿಟ್ಟೀತೆಂದು ಹೆದರಿದ್ದರೇನೋ. ಆ ಸ್ವರಗಳು ಮೇಲೆ ಹೋದವು, ಜಾರಿದವು, ಒಂದು ಕಡೆ ಎಡವಿದಂತೆ ತಡೆದು ಮತ್ತೆ ಮೊದಲಿಗೇ ಬಂದವು. ಮುಗಿಯಲಿಲ್ಲ. ನನಗೆ ಅದರ ನೆನಪಿರಲಿಲ್ಲ. ಆದರೂ ಗುರುತು ಸಿಕ್ಕಿತು.

ಅದು ಎವರಿಸ್ಟನದ್ದು. ಒಂದು ಸ್ವರವೂ ತಪ್ಪಿರಲಿಲ್ಲ.

ಕಪಾಟಿನ ಮೇಲೆ, ಚೀಲದ ಕತ್ತಲೆಯಲ್ಲಿ, ನಾನು ಕೇಳುತ್ತ ಇದ್ದೆ. ಕಲಿತುಕೊಳ್ಳಲು ಒಳಗಿನ ಸೆಲ್ಲುಗಳಲ್ಲಿ ಜೀವವಿರಲಿಲ್ಲ.